ಗಾಜಿನ ದವಾಖಾನ್ಯಾಗ ತುಂಬಿದ ಉಡಿ

ಬೈಲಹೊಂಗಲದ ಬಜಾರದಾಗ ಬಳಿ ಮಾರೋ ಗುರವ್ವ ಅಂದ್ರ ಯಾರಿಗೆ ಗೊತ್ತಿಲ್ಲ ಹೇಳ್ರಿ? ಅಂಗಡಿ ಅಂತ ದೊಡ್ಡದೇನಲ್ಲ, ಹತ್ತಿ ವಖಾರಿ ಗ್ವಾಡಿಗೆ ಆತಗೊಂಡ ಒಂದು ಗೂಡು. ಅಕಿ ಖರೇ ವ್ಯಾಪಾರ ಬುಟ್ಟೀದು. ಬುಟ್ಟಿ ಹೊತ್ಕೊಂಡು ಬಸ್ ಹತ್ತಿದ್ಲಂದ್ರ ಇವತ್ತ ಕಿತ್ತೂರ, ನಾಳೆ ಸವದತ್ತಿ, ನಾಡದ ರಾಮದುರ್ಗ ದಾಟಿ ತೊರಗಲ್ಲ. ಮದುವಿ ಇರಲಿ, ಬಸರ ಹೆಂಗಸಿನ ಕುಬಸ ಇರಲಿ, ಹಸರ ಬಳಿ ಏರಬೇಕಾದ ಮನ್ಯಾಗ ಗುರವ್ವ ಇರಬೇಕು. ಎಂಥಾ ಬಿರಸ ಕೈ ಇದ್ರೂ ಹಿಚುಕಿ, ತಿಕ್ಕಿ, ಮೆತ್ತಗ ಮಾಡಿ ಏರಸ್ತಿದ್ಲು. ಏರಸ್ಕೋತ ಬೈತಿದ್ಲು. "ಏನ ಕೈಯವ್ವಾ ಇದು, ದಿನಾ ಕಲ್ಲ ಒಡಿತೀ ಏನ? ಸಡ್ಲ ಬಿಡ, ನಿನ್ನ ಕೈ ನಾ ಏನ ಕಡಕೊಂಡು ಹೋಗೂದಿಲ್ಲ." ಬೈಸ್ಕೊಂಡಾಕಿ ನಗತಿದ್ಲು. ಅಷ್ಟರಾಗ ಬಳಿ ಏರಿರ್ತಿತ್ತು.

ಉಡಿ ತುಂಬಾಕೂ ಅಕಿನ್ನ ಮೊದ್ಲ ಕರೀತಿದ್ರು. ಗಂಡ ಯಮನಪ್ಪ ಗಟ್ಟಿಮುಟ್ಟ ಅದಾನ. ಹಡದ ಮಕ್ಕಳೆಲ್ಲಾ ನೆಟ್ಟಗ ಅದಾವ, ಒಂದೂ ಮಣ್ಣಿಗೆ ಹೋಗಿಲ್ಲ. ಅಂಥಾಕಿ ಕೈಲೆ ಸೆರಗಿನ್ಯಾಗ ಜೋಳ, ಕಾಯಿ, ಖಣ, ಎಲಿ ಅಡಕಿ ಹಾಕಿಸ್ಕೊಂಡ್ರ ತಮ್ಮ ಹೊಟ್ಟೀನೂ ತುಂಬತದ ಅಂತ ಆ ಭಾಗದ ಹೆಣ್ಣಮಕ್ಕಳ ನಂಬಿಗಿ. ಉಡಿ ತುಂಬಿಸ್ಕೊಂಡ ಮ್ಯಾಲ ಬ್ಯಾಡ ಅನ್ನಂಗಿಲ್ಲ. ಬ್ಯಾಡ ಅಂದ್ರ ತನ್ನ ಹೊಟ್ಟಿಗೆ ತಾನ ಬ್ಯಾಡ ಅಂದಂಗ. ಮನಿಗೆ ಒಯ್ದು ದೇವರ ಜಗಲಿ ಮ್ಯಾಲ ಗಂಟ ಕಟ್ಟಿ ಇಟ್ರ, ನೆನಸಿದ್ದು ಆಗೋತನಕ ಆ ಗಂಟ ಬಿಚ್ಚಂಗಿಲ್ಲ, ಆ ಕಾಯಿ ಒಡಿಯಂಗಿಲ್ಲ. ಇನ್ನ ತುಂಬಿದಾಕಿ ವಾಪಸ್ ಕೇಳೂದಂದ್ರ? ಹಂಗ ಕೇಳಿದಾಕಿ ಊರಾಗ ಇನ್ನೂತನಕ ಯಾರೂ ಹುಟ್ಟಿದ್ದಿಲ್ಲ.

ಗುರವ್ವಗ ಹೇಸಿಗಿ ಭಾಳ. ಬಸ್ಸಿನ್ಯಾಗ ಯಾರರ ಗುಟಕಾ ಉಗುಳಿದ್ರ ಅಲ್ಲೇ ನಿಂತು ಅವರ ವಂಶಾನ ಜಾಲಾಡ್ತಿದ್ಲು. ಅಷ್ಟ ಅಲ್ಲ, ಮನಷ್ಯಾರ ಹೇಸಿಗೀನೂ ಅಕಿಗೆ ಲಗೂನ ಮೂಗಿಗೆ ಬಡೀತಿತ್ತು. ಆದ್ರ ಒಮ್ಮೆ ಬಡೀಲಿಲ್ಲ ನೋಡ್ರಿ. ಬಡೀಬೇಕಾದಲ್ಲೇ ಬಡೀಲಿಲ್ಲ. ಅದರದ್ದ ಈ ಕತಿ.

ಸವದತ್ತಿ ರಸ್ತಾದಾಗ ಒಂದು ಹೊಸಾ ದವಾಖಾನಿ ಎದ್ದಿತ್ತು. ಮುಂದಿನ ಗ್ವಾಡಿ ಪೂರಾ ಗಾಜಿಂದು, ಅದಕ್ಕ ಮಂದಿ ಗಾಜಿನ ದವಾಖಾನಿ ಅಂತಿದ್ರು. ಮಕ್ಕಳಾಗದವರಿಗೆ ಮಕ್ಕಳಾಗೂ ಹಂಗ ಮಾಡೋ ದವಾಖಾನಿ. ಮಾಲಕ ಡಾಕ್ಟರ್ ಗೌರೀಶ. ಹತ್ತಿ ಅರಳಿ ಬಿಡಿಸೋ ಗಿರಣಿ ಮನಿತನದ ಹುಡುಗ, ಮಾತ ಮೆತ್ತಗ, ಕೈ ಸದಾ ಮುಗದ ಇರ್ತಿದ್ದು. ಒಂದಿನ ಅಂವ ತಾನ ಬಳಿ ಅಂಗಡೀಗೆ ಬಂದ. ಕಾರ್ ಬಜಾರದಾಗ ನಿಂತದ್ದಕ್ಕ ಮಂದಿ ಕೂಡಿತು.

"ಗುರವ್ವಕ್ಕಾರ, ದಿಲ್ಲಿಯವರದೊಂದು ನಿಯಮ ಐತ್ರಿ," ಅಂದ. "ಮನಷ್ಯಾರ ಮ್ಯಾಲ ಹೊಸ ಸಂಶೋಧನಾ ಮಾಡೋ ದವಾಖಾನ್ಯಾಗ ಒಂದು ನೈತಿಕ ಸಮಿತಿ ಇರಬೇಕು. ಅದರಾಗ ಡಾಕ್ಟರು, ವಕೀಲರು ಅಷ್ಟ ಅಲ್ಲ, ಊರಿನ ಒಬ್ಬ ಸಾಮಾನ್ಯ ಪ್ರಜಾನೂ ಇರಬೇಕು. ನಮ್ಮ ಊರಾಗ ನಿಮ್ಮಂಥವರು ಇನ್ನ್ಯಾರದಾರ?"

ಗುರವ್ವ ಉಬ್ಬಿದ್ಲು. ಯಾರ ಉಬ್ಬೂದಿಲ್ಲ? ಜೀವಮಾನ ಪೂರಾ ಮಂದಿ ಮನಿ ಪಡಸಾಲ್ಯಾಗ ನೆಲದ ಮ್ಯಾಲ ಕುಂತಾಕಿ, ಈಗ ತಿರುಗೋ ಕುರ್ಚಿ ಮ್ಯಾಲ ಕುಂತ್ಲು. ಸಮಿತಿ ಅಧ್ಯಕ್ಷರು ನಿಜಗುಣಪ್ಪ ಸರ್, ಕಾಲೇಜಿನ ಹಳೇ ಪ್ರಿನ್ಸಿಪಾಲರು. ಅವರ ಕಂಡ್ರ ಊರ ಎದ್ದ ನಿಲ್ಲತಿತ್ತು. ಅವರು ತಾವ ಎದ್ದು "ಬರ್ರಿ ಗುರವ್ವಾರ" ಅಂದ್ರು. ಶಾಲು ಹೊದಿಸಿದ್ರು, ಫೋಟೊ ತಗದ್ರು. ಮಿರ್ಚಿ, ಗಿರಮಿಟ್ಟು, ಚಾ ಬಂತು. ಆಮ್ಯಾಲ ಕಾಗದ ಓದಿದ್ರು ಇಂಗ್ಲಿಷಿನ್ಯಾಗ, ಬಸ್ ಬಿಡ್ತದ ಅನ್ನೂ ಗಡಿಬಿಡಿಯೊಳಗ. ಎಲ್ಲಾರೂ ಗೋಣ ಹಾಕಿದ್ರು. ಗುರವ್ವನೂ ಹಾಕಿದ್ಲು.

ಆದ್ರ ಅಕಿ ಪೂರಾ ಖಬರಗೇಡಿ ಆಗಿರಲಿಲ್ಲ. ಒಂದು ಸಭಾದಾಗ ಕೇಳೇ ಕೇಳಿದ್ಲು, "ಡಾಕ್ಟರ್ ಸಾಹೇಬರ, ಈ ಜೀನ್ ತಿದ್ದೂದು, ಜೀನ್ ತಿದ್ದೂದು ಅಂತೀರಲ್ಲಾ, ಏನದು?"

ಗೌರೀಶ ನಕ್ಕು ಹೇಳಿದ. "ಮನಷ್ಯಾ ಅಂದ್ರ ನೇಯ್ದ ಸೀರಿ ಇದ್ದಂಗ್ರಿ. ಒಂದು ಎಳಿ ತಪ್ಪಿದ್ರ ರೋಗ. ಅವ್ವ ಅಪ್ಪನ ಬೀಜ ಕೂಡಿ ಈಗರ ಪಿಂಡ ಆಗಿರ್ತದಲ್ಲಾ, ಕಣ್ಣಿಗೆ ಕಾಣದಷ್ಟು ಸಣ್ಣದು, ಆವಾಗ ಆ ಎಳಿ ಕತ್ತರಿಸಿ ಸರಿ ಮಾಡೂದು."

"ಸರಿ ಮಾಡಿ ಹೊಟ್ಟ್ಯಾಗ ಇಡೂದು?"

"ಛೆ ಛೆ! ಅದಕ್ಕ ಪರವಾನಿಗಿ ಇಲ್ಲ. ತಿದ್ದಿದ ಪಿಂಡ ಯಾರ ಗರ್ಭದಾಗೂ ಇಡಬಾರದು ಅಂತ ದೇಶಕ್ಕ ನಿಯಮ ಐತಿ. ಗಾಜಿನ ತಾಟಿನ್ಯಾಗ ನೋಡೂದು, ಚೆಲ್ಲೂದು. ಅಷ್ಟ."

"ಹಂಗಾದ್ರ ಆತ್ರಿ," ಅಂದ್ಲು ಗುರವ್ವ. ಅಷ್ಟಕ್ಕ ಅಕಿ ಜವಾಬ್ದಾರಿ ಮುಗೀತು ಅಂತ ತಿಳಕೊಂಡ್ಲು. ಮನಿಗೆ ಬಂದು ಯಮನಪ್ಪನ ಮುಂದ ದೌಲ ಮಾಡಿದ್ಲು, "ನಾ ಹೂಂ ಅಂದ್ರಷ್ಟ ಅಲ್ಲಿ ಕೆಲಸ ನಡೀತಾವ ತಿಳೀತಿಲ್ಲೋ?" ಯಮನಪ್ಪ ತಂಬಾಕ ತಿಕ್ಕೋತ "ನೀ ಎಂದರ ಅಲ್ಲೆ ಊಹೂಂ ಅಂದೀ ಏನ?" ಅಂತ ಕೇಳಿದ. ಅಂವಗ ಅಂದು ರಾತ್ರಿ ಮುದ್ದಿಪಲ್ಲೆ ಬಿಸಿ ಸಿಗಲಿಲ್ಲ.

ಮುಂದ ಒಂದಿನ ದವಾಖಾನ್ಯಾಗ ಹೆಣ್ಣಮಕ್ಕಳ ಕಾರ್ಯಕ್ರಮ ಅಂದ್ರು. ಮಕ್ಕಳ ಕಳಕೊಂಡ ಕೆಲವು ಬಡ ಹೆಂಗಸರು ಬರತಾರ, ಗುರವ್ವಕ್ಕಾರು ತಮ್ಮ ಕೈಲೆ ಉಡಿ ತುಂಬಬೇಕು. ಇದರಾಗ ತಪ್ಪೇನೈತಿ? ಗುರವ್ವ ಇಳಕಲ್ ಸೀರಿ ಉಟ್ಕೊಂಡು ಹೋದ್ಲು. ಎಲ್ಲಾ ಸಾಮಾನು ದವಾಖಾನಿದು. ಜೋಳ, ಕಾಯಿ, ಗುಳೇದಗುಡ್ಡದ ಖಣ, ಕೊಬ್ಬರಿ ಬಟ್ಟಲ, ಉತ್ತತ್ತಿ, ಯಾವದಕ್ಕೂ ಕೊರತಿ ಇಲ್ಲ. ಒಬ್ಬೊಬ್ಬಾಕೀನ ಕಟಗಿ ಮಣಿ ಮ್ಯಾಲ ಕುಂದ್ರಿಸಿ, ಕುಂಕುಮ ಹಚ್ಚಿ, ಸೆರಗ ಒಡ್ಡಿಸಿ ತುಂಬಿದ್ಲು. ಅವರಾಗ ತೊರಗಲ್ಲಿನ ಮಂಜುಳಾ ಅನ್ನಾಕಿ ಸೆರಗ ಹಿಡದ ಕೈ ಗಡಗಡ ನಡಗತಿದ್ದು. ಇಪ್ಪತ್ತು ದಾಟಿ ನಾಕೈದ ವರ್ಷ ಆಗಿರಬೇಕು, ಕಣ್ಣಾಗ ಜೀವ ಇಲ್ಲ.

"ಯಾಕವ್ವಾ ಹಿಂಗ ನಡಗತಿ?" ಅಂದ್ಲು ಗುರವ್ವ.

"ಎರಡ ಕೂಸ ಹೋದೂರಿ ಆಯಿ," ಅಂದ್ಲು ಮಂಜುಳಾ. "ಗೋಣ ನಿಲ್ಲಲೇ ಇಲ್ಲ. ಹಾಲ ಜಗ್ಗಾಕ ಬರಲಾರದ ಹೋದೂ."

ಗುರವ್ವ ಮತ್ತೊಂದು ಬೊಗಸಿ ಜೋಳ ಜಾಸ್ತಿ ಹಾಕಿದ್ಲು. "ಈ ಸಲ ಆಗತದ ನೋಡ, ನಾ ತುಂಬೇನಿ," ಅಂದ್ಲು. ಹಿಂದ ನಿಂತಿದ್ದ ಗೌರೀಶ ಕೈ ಮುಗದು ನಗಾಕ ಹತ್ತಿದ್ದ. ಆ ನಗು ಅಕಿಗೆ ಆಮ್ಯಾಲ ನೆನಪಾದಾಗೆಲ್ಲ ಬಾಯಾಗ ಹುಳಿ ನೀರ ಬರತಿತ್ತು.

ಸುಗ್ಗಿ ಮುಗದ ಮ್ಯಾಲ ಮದುವಿ ಬಳಿ ಏರಸಾಕ ಗುರವ್ವ ತೊರಗಲ್ಲಿಗೆ ಹೋದ್ಲು. ಕೆಲಸ ಮುಗಿಸಿ ಬರಬೇಕಾದ್ರ ಕೋಟಿ ಗ್ವಾಡಿ ಕೆಳಗಿನ ಓಣ್ಯಾಗ ಮಂಜುಳಾ ಕಂಡ್ಲು, ಕೈ ಹಿಡದು ಮನಿಗೆ ಜಗ್ಗಿದ್ಲು. ಮನಿ ಹಿರೇಮನಷ್ಯಾಳು ಮಾಯವ್ವ. ಮಂಜುಳಾಗ ಅತ್ತಿನೂ ಅಕಿನ, ಅವ್ವನ ಅವ್ವನೂ ಅಕಿನ. ಹೊಲ ಹೊರಗ ಹೋಗಬಾರದು, ಮಗಳ ಮಗಳು ಹೊರಗಿನ ಮನಿಗೆ ಹೋಗಬಾರದು ಅಂತ ಮಾಯವ್ವ ತನ್ನ ಮಗಾ ಬಾಳೂಗ ಮೊಮ್ಮಗಳನ್ನ ತಂದ್ಕೊಂಡಿದ್ಲು. ನಮ್ಮ ಕಡೆ ಇದೇನ ಹೊಸಾದಲ್ಲ. ಸೋದರಮಾವ ಇದ್ದ ಮ್ಯಾಲ ಬ್ಯಾರೆ ವರ ಯಾಕ ನೋಡಬೇಕು ಅಂತ ಕೇಳೂ ಮಂದಿ ನಾವು. ರಕ್ತ ರಕ್ತ ಕೂಡಿ ಕೂಸ ಸತ್ರ ದೇವರ ಮ್ಯಾಲ ಹಾಕ್ತೇವಿ.

ರೊಟ್ಟಿ ಬಡದು ಹಾಕಿದ್ಲು ಮಂಜುಳಾ. ಜಗಲಿ ಮ್ಯಾಲ ಉಡಿ ಗಂಟ ಕಟ್ಟಿದ್ದು ಹಂಗ ಇತ್ತು. ಗುರವ್ವ ಒಂದು ತುತ್ತ ಬಾಯಿಗೆ ಇಟ್ಟಿದ್ಲಷ್ಟ.

"ಬರೂ ಬೇಸ್ತವಾರ ಹೊಟ್ಟ್ಯಾಗ ಇಡತಾರಂತ್ರಿ ಆಯಿ," ಅಂದ್ಲು ಮಂಜುಳಾ.

"ಏನ ಇಡತಾರ?"

"ಕೂಸಿಂದು. ತಿದ್ದಿದ್ದು. ನಮ್ಮ ಇಬ್ಬರ್ದೂ ಬೀಜ ತಗದು, ಕತ್ತರಿಸಿ ಸರಿ ಮಾಡಿ ಥಂಡ್ಯಾಗ ಇಟ್ಟಾರಂತ. ಎಲ್ಲಾರಿಗೂ ಅವತ್ತ ಐತಿ, ಛಲೋ ಮುಹೂರ್ತ ಅಂತ."

ಗುರವ್ವ ಮುರದ ರೊಟ್ಟಿ ತಾಟಿಗೆ ಬಿಟ್ಲು. "ತಾಟಿನ್ಯಾಗ ನೋಡಿ ಚೆಲ್ಲತೇವಿ ಅಂದಿದ್ರಲ್ಲ!"

ಮಾಯವ್ವ ಒಲಿ ಮುಂದಿಂದ ತಿರುಗಿದ್ಲು. "ನನಗೇನ ಗೊತ್ತವ್ವಾ. ನಾ ಮೊದ್ಲ ಒಲ್ಲೆ ಅಂದಿದ್ದೆ. ಕೂಸ ಹೊಟ್ಟೀಗೆ ಬರೂಕಿಂತ ಮೊದ್ಲ ಅದಕ್ಕ ಕತ್ತರಿ ಆಡಸೂದಂದ್ರ ಹೆಂಗ? ಬಾಳೂನೂ ಒಲ್ಲೆ ಅಂದ, ಈಕಿನೂ ಅಂಜಿದ್ಲು. ದವಾಖಾನಿಯವರು ಮೂರ ಸಲ ಬಂದ್ರೂ ಹೆಬ್ಬೆಟ್ಟ ಒತ್ತಲಿಲ್ಲ. ಆಮ್ಯಾಲ ನೀ ಬಂದು ಉಡಿ ತುಂಬಿದಿ. ಡಾಕ್ಟರ್ ಅಂದ, ಗುರವ್ವ ತಾನ ಉಡಿ ತುಂಬ್ಯಾಳ, ತುಂಬಿಸ್ಕೊಂಡೀರಿ, ಇನ್ನ ಬಾಯಿಲೆ ಬ್ಯಾರೆ ಏನ ಹೇಳತೀರಿ? ದೇವರ ಮುಂದ ಹೂಂ ಅಂದಂಗ ಆತು. ಮರದಿನಾನ ಒತ್ತಿದ್ವಿ."

ಗುರವ್ವ ತಾಟ ಸರಿಸಿದ್ಲು. ಎದ್ದು ಹಿತ್ತಲಕ್ಕ ಹೋಗಿ ಉಗುಳಿದ್ಲು. ಬಾಯಿ ಮುಕ್ಕಳಿಸಿದ್ಲು. ಮತ್ತ ಮುಕ್ಕಳಿಸಿದ್ಲು. ತನ್ನ ಕೈ ನೋಡ್ಕೊಂಡ್ಲು. ಹೊಲಸ! ಎಂಥಾ ಹೊಲಸ ಕೆಲಸಕ್ಕ ಹಚ್ಚಿದ್ರು ಈ ಕೈಯನ್ನ. ಕಾಗದಲೆ ಆಗಲಿಲ್ಲ, ಮಾತಿಲೆ ಆಗಲಿಲ್ಲ, ಕಡೀಕ ಖಣದಾಗ ಕಾಯಿ ಇಟ್ಟು ಈ ಬಡವರ ಬಾಯಿ ಕಟ್ಟಿದ್ರು. ಕಟ್ಟಿದಾಕಿ ಯಾರು? ಇಳಕಲ್ ಸೀರಿ ಉಟ್ಕೊಂಡು ಹೋದ ಶಾಣ್ಯಾಕಿ, ಗುರವ್ವ. ಗೌರೀಶನ ಮ್ಯಾಲ ಎಷ್ಟ ಸಿಟ್ಟೋ ತನ್ನ ಮ್ಯಾಲ ಅದಕ್ಕ ದುಪ್ಪಟ್ಟ.

ಮರದಿನ ಅಕಿ ಮಂಜುಳಾನ ಕರಕೊಂಡು ರಾಮದುರ್ಗದ ದವಾಖಾನಿಗೆ ಹೋದ್ಲು. ಅಲ್ಲೆ ಐಶ್ವರ್ಯಾ ಅಂತ ಒಬ್ಬಾಕಿ ಡಾಕ್ಟರ್ ಇದ್ಲು, ಗುರವ್ವ ಅಕಿ ಮದುವ್ಯಾಗ ಬಳಿ ಏರಿಸಿದ್ಲು. ಎಲ್ಲಾ ಕೇಳಿದ ಮ್ಯಾಲ ಐಶ್ವರ್ಯಾ ಮಂಜುಳಾ ತಂದಿದ್ದ ಹಳೇ ಚೀಟಿ ಓದಿದ್ಲು. ಆಮ್ಯಾಲ ಮಂಜುಳಾನ ಕಡೆ ತಿರುಗಿ ಹೇಳಿದ್ಲು.

"ನೋಡ ತಂಗಿ, ನಿಮ್ಮಿಬ್ಬರೊಳಗೂ ಅದ ತಪ್ಪ ಎಳಿ ಒಂದೊಂದು ಐತಿ. ಕೂಸಿಗೆ ಎರಡೂ ಕಡಿಂದ ಬಂದ್ರಷ್ಟ ರೋಗ. ನಾಲ್ಕ ಪಾಲಿನ್ಯಾಗ ಮೂರ ಪಾಲು ಕೂಸ ಛಲೋನ ಆಗತದ. ನಿನ್ನ ನಸೀಬ ಕೆಟ್ಟಿತ್ತು, ಎರಡೂ ಸಲ ಕೆಟ್ಟ ಪಾಲು ಬಂತು. ಬಸರಾದ ಮೂರ್ನೇ ತಿಂಗಳದಾಗ ಪರೀಕ್ಷಾ ಮಾಡಿದ್ರ ಗೊತ್ತಾಗತದ. ಇಲ್ಲಾ, ಪಿಂಡದಾಗ ಇದ್ದಾಗನ ನೋಡಿ ಛಲೋದು ಆರಿಸಿ ಇಡಬಹುದು. ತಿದ್ದೂದು ಬೇಕಾಗೇ ಇಲ್ಲ."

"ಮತ್ತ ಯಾಕ ತಿದ್ದತಾನ ಅಂವ?" ಅಂದ್ಲು ಗುರವ್ವ.

"ಹೆಸರಿಗೆ. ಮೊದ್ಲ ಮಾಡಿದಾಂವ ಅನ್ನಿಸ್ಕೊಳ್ಳಾಕ. ಕತ್ತರಿ ತಪ್ಪಿ ಬ್ಯಾರೆ ಕಡೆ ಬಿದ್ರ ಏನ ಆಗತದೋ ಇವತ್ತ ಯಾರೂ ಖಾತ್ರಿಲೆ ಹೇಳಾಕ ಆಗೂದಿಲ್ಲ. ಕೂಸಿಗಷ್ಟ ಅಲ್ಲ, ಅದರ ಮಕ್ಕಳಿಗೆ, ಮೊಮ್ಮಕ್ಕಳಿಗೂ ಹೋಗತದ. ಅದಕ್ಕ ಮಾಡಬಾರದು ಅಂತ ದಿಲ್ಲಿಯೊಳಗ ಬರದಾರ. ಆದ್ರ ಆಯಿ, ಬರದದ್ದು ನಡೀತದೋ ಇಲ್ಲೋ ನೋಡಾಕ ಅಂತ ದವಾಖಾನ್ಯಾಗ ಕುಂದ್ರಿಸಿದ್ದು ಸಮಿತಿ. ಸಮಿತಿ ನೇಮಿಸಿದಾಂವ ದವಾಖಾನಿ ಮಾಲಕ. ಚಾ ಕುಡಿಸಾಂವೂ ಅಂವನ."

ಗುರವ್ವಗ ಆವಾಗ ತಿಳೀತು. ಇಷ್ಟ ದೊಡ್ಡ ದೇಶಕ್ಕ ದಿಲ್ಲಿಯವರು ಹಾಕಿದ ಬೇಲಿಗೆ ಬೈಲಹೊಂಗಲದಾಗಿನ ಗೂಟ ತಾನ ಆಗಿದ್ಲು. ಗೂಟ ಗಿರಮಿಟ್ಟು ತಿಂದ್ಕೋತ ಕುಂತಿತ್ತು.

ಐಶ್ವರ್ಯಾ ಅಲ್ಲೇ ಕುಂತು ಬೆಂಗಳೂರಿಗೆ, ದಿಲ್ಲಿಗೆ ದೂರು ಬರದು ಕಳಿಸಿದ್ಲು. ಆದ್ರ ದೂರು ಹೋಗಿ, ಓದಿ, ತಂಡ ಬರೂತನಕ ಬೇಸ್ತವಾರ ನಿಲ್ಲತದೇನು? ಬಸ್ಸಿನ್ಯಾಗ ಮಂಜುಳಾಗ ಗುರವ್ವ ಹೇಳಿದ್ಲು, "ಹೋಗಬ್ಯಾಡ. ಮನ್ಯಾಗ ಕುಂದ್ರು, ಅವರೇನ ಎಳಕೊಂಡು ಹೋಗೂದಿಲ್ಲ."

"ಹೋಗೂ ಮನಸ ನನಗೂ ಇಲ್ಲರಿ," ಅಂದ್ಲು ಮಂಜುಳಾ. "ಆದ್ರ ಉಡಿ ತುಂಬಿಸ್ಕೊಂಡೇನಿ. ಹೆಂಗ ಒಲ್ಲೆ ಅನ್ಲಿ? ಎರಡ ಮಣ್ಣ ಮಾಡೇನಿ ಆಯಿ. ಉಡಿ ಒಲ್ಲೆ ಅಂದು, ನಾಳೆ ಹೊಟ್ಟಿ ಬರಡ ಆದ್ರ ಅಜ್ಜಿ ನನ್ನ ಬಿಡತಾಳ? ನನ್ನ ನಾನರ ಬಿಡತೇನಿ?"

ಗುರವ್ವ ಅಕಿನ್ನ ತೊರಗಲ್ಲಿಗೆ ಬಿಟ್ಟು ಬೈಲಹೊಂಗಲದ ಬಸ್ಸ ಹತ್ತಿದ್ಲು.

ಸೀದಾ ನಿಜಗುಣಪ್ಪ ಸರ್ ಮನಿಗೆ ಹೋದ್ಲು. ಊರ ಎದ್ದ ನಿಲ್ಲೂ ಮನಷ್ಯಾ, ಈತಗ ಗೊತ್ತಿರಲಿಕ್ಕಿಲ್ಲ, ಗೊತ್ತಾದ್ರ ತಡೀತಾನ ಅಂತ ಆಸೆ. ಗೌರೀಶನೂ ಅಲ್ಲೇ ಕುಂತಿದ್ದ, ಬಾದಾಮಿ ಹಾಲ ಕುಡಿಯಾಕ ಹತ್ತಿದ್ದ. ಆತು, ಇಬ್ಬರಿಗೂ ಒಮ್ಮೆಲೇ ಕೇಳಿದ್ಲು.

"ಸರ್, ತಾಟಿನ್ಯಾಗ ನೋಡಿ ಚೆಲ್ಲೂದು ಅಂತ ನಾವು ಹೂಂ ಅಂದದ್ದು. ಹೊಟ್ಟ್ಯಾಗ ಇಡಾಕ ಹತ್ಯಾರಲ್ಲಾ, ಇದು ನಿಮಗ ಗೊತ್ತೈತೇನ್ರಿ?"

ನಿಜಗುಣಪ್ಪ ಸರ್ ಚಷ್ಮಾ ಒರಸ್ಕೊಂಡ್ರು. "ಗುರವ್ವ, ವಿಜ್ಞಾನ ಎಲ್ಲಾ ನಿಯಮ ಕೇಳ್ಕೋತ ಮುಂದ ಹೋಗೂದಿಲ್ಲ."

"ಆ ಹುಡುಗೀಗೆ ಅದು ಬೇಕಾಗೇ ಇಲ್ಲರಿ! ಪರೀಕ್ಷಾ ಮಾಡಿದ್ರ ಸಾಕಂತ."

"ಬೇಕಾಗೇ ಇಲ್ಲ ಅಂದ್ರ ಹೆಂಗ? ಮೊದ್ಲ ಎಲ್ಲೋ ಒಂದು ಕಡೆ ನೋಡಬೇಕಲ್ಲ." ಸರ್ ದನಿ ಇಳಿಸಿದ್ರು, ಮನಿ ಮಂದಿಗಷ್ಟ ಹೇಳೂ ಹಂಗ. "ನಮ್ಮ ಸೊಸಿಗೂ ಮಾಡಿಸೋದೈತಿ. ನಮ್ಮ ಮನಿತನದಾಗ ಕಿವುಡತನ ಬರಕೋತ ಬಂದೈತಿ. ಅಲ್ಲೆ ಅವರ ಮ್ಯಾಲ ನೆಟ್ಟಗ ಆಗತದೋ ಇಲ್ಲೋ ನೋಡಿ, ಆಮ್ಯಾಲ ನಮ್ಮದು. ನಮ್ಮ ಸೊಸೀನ ಮೊದ್ಲ ಮಲಗಿಸಾಕ ಆಗತದೇನ?"

ಕೇಳಿದ್ರೇನ್ರಿ? ಕಾಲೇಜು ಕಟ್ಟಿದ ಮನಷ್ಯಾ. ನಾಚಿಕಿ ಇರಲಿ, ಒಂದು ಸಣ್ಣ ಹಿಂಜರಿಕಿನೂ ಇಲ್ಲ ಮುಖದ ಮ್ಯಾಲ. ತೊರಗಲ್ಲಿನವರ ಹೊಟ್ಟಿ ಅಂದ್ರ ಇವರ ಪಾಲಿಗೆ ಅಡಗಿ ಉಪ್ಪ ನೋಡೋ ಚಮಚ. ಗುರವ್ವಗ ಆ ಮನಿ ಗಾಳೀನ ಹೇಸಿಗಿ ಆತು. ಮುಂದ ಇಟ್ಟಿದ್ದ ಬಾದಾಮಿ ಹಾಲಿನ ಲೋಟ ದೂರ ಸರಿಸಿದ್ಲು.

"ಥೂ ನಿಮ್ಮ!" ಅಂದ್ಲು. ಅಷ್ಟ ಬಂತು ಬಾಯಿಗೆ.

ಗೌರೀಶ ಲೋಟ ಕೆಳಗಿಟ್ಟ. ಕೈ ಈಗ ಮುಗಿಲಿಲ್ಲ. "ಅಕ್ಕಾರ, ಸಂಭಾಳಿಸ್ಕೊಂಡು ಮಾತಾಡ್ರಿ. ಹೂಂ ಅಂದವರೊಳಗ ನೀವೂ ಅದೀರಿ. ಉಡಿ ತುಂಬಿದ ಫೋಟೊದಾಗೂ ನೀವ ಅದೀರಿ. ತನಿಖಿ ಆದ್ರ ನಾ ಒಬ್ಬನ ಹೋಗೂದಿಲ್ಲ."

"ನಾನೂ ಬರತೇನಿ ನಡೀ," ಅಂದ್ಲು ಗುರವ್ವ. "ನಿನ್ನ ಜೋಡಿ ಜೇಲಿಗೆ ಬರಾಕ ನನಗ ನಾಚಿಕಿ ಇಲ್ಲ. ನಿನ್ನ ಜೋಡಿ ಒಂದ ಫೋಟೊದಾಗ ನಿಂತೆನಲ್ಲಾ, ಅದಕ್ಕ ನಾಚಿಕಿ."

ಹೊರಗ ಬಂದ್ಲು. ಬಿಸಲ ಚುರುಚುರು. ಬೈದದ್ದು ಬೈದಂಗ ಆತು, ಆದ್ರ ಮಂಜುಳಾ ಬೇಸ್ತವಾರ ಹೋಗಾಕಿನ. ಉಡಿ ಅಕಿ ಜಗಲಿ ಮ್ಯಾಲ ಇರೋತನಕ ಹೋಗಾಕಿನ.

ಬುಧವಾರ ಮಧ್ಯಾಹ್ನ ಗುರವ್ವ ಗಂಡನ ಮುಂದ ಬಾಯಿಬಿಟ್ಲು. "ನಾ ಉಡಿ ವಾಪಸ್ ಕೇಳತೇನಿ."

ಯಮನಪ್ಪನ ಕೈಯಾಗಿನ ತಂಬಾಕ ನೆಲಕ್ಕ ಚೆಲ್ಲಿತು. "ಏನಂದಿ?"

"ತುಂಬಿಸ್ಕೊಂಡಾಕಿ ಬ್ಯಾಡ ಅನ್ನಂಗಿಲ್ಲ. ತುಂಬಿದಾಕಿ ಬೇಡಿ ತಗೊಂಡ್ರ ಅಕಿಗೆ ಪಾಪ ಇಲ್ಲಲ್ಲ? ನನಗ ಬರತದ."

"ಪಾಪದ ಮಾತ ಬಿಡ. ನಾಳಿಂದ ನಿನಗ ಯಾವಾಕಿ ತನ್ನ ಮಗಳ ಕೈ ಕೊಡತಾಳ ಬಳಿ ಏರಸಾಕ? ಯಾವ ಮನಿ ಹೊಸ್ತಿಲಾ ಹತ್ತಸ್ತಾರ ನಿನ್ನ? ಉಡಿ ಕಸಗೊಂಡ ಹೆಂಗಸು ಅಂತ ಸಾಯೋತನಕ ಕರೀತಾರ."

"ಗೊತ್ತೈತಿ," ಅಂದ್ಲು. ಗೊತ್ತಿದ್ದಕ್ಕನ ಅಳು ಬಂತು. ಮದುವ್ಯಾದಾಗಿಂದ ಹೆಣ್ಣಮಕ್ಕಳ ಕೈ ಹಿಡದು ಬದುಕಿದಾಕಿ, ಬ್ಯಾರೆ ಏನ ಬರತಿತ್ತು ಅಕಿಗೆ? ಸೆರಗಿಲೆ ಮೂಗ ಒರಸ್ಕೊಂಡ್ಲು. ಯಮನಪ್ಪ ಬಾಜೂಕ ಬಂದು ಕುಂತ. ಹೋಗಬ್ಯಾಡ ಅನ್ನಲಿಲ್ಲ, ಹೋಗು ಅಂತನೂ ಅನ್ನಲಿಲ್ಲ.

ಬೇಸ್ತವಾರ ಮುಂಜಾನೆ ಗಾಜಿನ ದವಾಖಾನಿ ಪಡಸಾಲಿ ತುಂಬಿತ್ತು. ಬಾಗಿಲಿಗೆ ಮಾವಿನ ತೋರಣ ಬ್ಯಾರೆ. ಹೆಂಗಸರೆಲ್ಲಾ ಡಾಕ್ಟರ್ ಹೇಳಿದಂಗ ತಂತಮ್ಮ ಉಡಿ ಗಂಟ ತೊಡಿಮ್ಯಾಲ ಇಟ್ಕೊಂಡು ಕುಂತಿದ್ರು. ಹೆಸರ ಕರಿಯಾಂವ ಸುನೀಲ, ದವಾಖಾನಿ ನೌಕರ. "ಮಂಜುಳಾ ಬಾಳು, ತೊರಗಲ್ಲ" ಅಂತ ಕರದ. ಮಂಜುಳಾ ಎದ್ಲು. ಮಾಯವ್ವ ಅಕಿ ಬೆನ್ನ ಮ್ಯಾಲ ಕೈ ಇಟ್ಟಿದ್ಲು.

ಒಳಗಿನ ಖೋಲಿ ಬಾಗಿಲಾಗ ಗುರವ್ವ ಅಡ್ಡ ನಿಂತಿದ್ಲು. ಸೆರಗ ಮುಂದ ಒಡ್ಡಿದ್ಲು.

"ಮಂಜುಳಾ, ನಾ ತುಂಬಿದ ಉಡಿ ನನಗ ವಾಪಸ್ ಕೊಡು."

ಯಾರೋ ಒಬ್ಬಾಕಿ "ಎವ್ವಾ!" ಅಂತ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. ಮಾಯವ್ವನ ಮುಖ ಬಿಳಚಿತು. "ಏ ಗುರವ್ವಾ, ತಲಿ ಕೆಟ್ಟೈತೇನ ನಿನಗ?"

"ಕೆಟ್ಟಿಲ್ಲ ಮಾಯವ್ವ. ನಾ ಮೋಸಾ ಹೋಗಿ ತುಂಬಿದೆ. ಅದು ಹರಸಿ ತುಂಬಿದ ಉಡಿ ಅಲ್ಲ, ನಿಮ್ಮನ್ನ ಹೂಂ ಅನಸಾಕ ಒಡ್ಡಿದ ಬಲಿ. ಈ ದೇಶದಾಗ ಮಾಡಬಾರದು ಅಂತ ಇದ್ದ ಕೆಲಸ ಇಂವ ನಿಮ್ಮ ಹೊಟ್ಟ್ಯಾಗ ಮಾಡಾಕ ಹತ್ಯಾನ. ಪಾಪ ನನಗಿರಲಿ. ಕೊಡವ್ವಾ ಮಂಜುಳಾ. ಬೇಡಾಕ ಹತ್ತೇನಿ."

ಮಂಜುಳಾ ಅಜ್ಜಿ ಮುಖ ನೋಡಿದ್ಲು. ಮಾಯವ್ವ ಬೆನ್ನ ಮ್ಯಾಲಿನ ಕೈ ತಗದ್ಲು. ಹುಡುಗಿ ಗಂಟ ಬಿಚ್ಚಿ ಕಾಯಿ, ಖಣ, ಜೋಳ ಎಲ್ಲಾ ಗುರವ್ವನ ಸೆರಗಿಗೆ ಸುರುವಿದ್ಲು. ಸುರುವಿ, ಉಸರ ಬಿಟ್ಟು ಅಲ್ಲೇ ಗ್ವಾಡಿಗೆ ಆತಗೊಂಡ್ಲು.

ಸದ್ದ ಕೇಳಿ ಗೌರೀಶ ತನ್ನ ಕಚೇರಿಯಿಂದ ಪಡಸಾಲಿಗೆ ಬಂದ. ನೋಡಿದ. ಮುಖಕ್ಕ ರಕ್ತ ಏರಿತು. "ಸುನೀಲ, ಮುಂದಿನವರನ್ನ ಕರೀ. ರಾಣಿ, ದೇಗಾಂವ. ಲಗೂ."

ದೇಗಾಂವದ ರಾಣಿ ಎದ್ದು ನಿಂತ್ಲು. ಗುರವ್ವ ತುಂಬಿದ ಸೆರಗ ಹಿಡ್ಕೊಂಡು ಬಾಗಿಲಾಗನ ಕುಂತ್ಬಿಟ್ಲು, ಹೊಸ್ತಿಲಾ ಪೂರಾ ಅಡ್ಡ. ಉಡ್ಯಾಗಿನ ಜೋಳ ಅಕಿ ತೊಡಿ ಮ್ಯಾಲ ಹರವಿ ಬಿತ್ತು. ಒಳಗ ಹೋಗಬೇಕಂದ್ರ ಉಡಿ ದಾಟಿ ಹೋಗಬೇಕು. ತುಂಬಿದ ಉಡಿ ದಾಟೂದು ಅಂದ್ರ ಅದು ಆಗದ ಮಾತು. ರಾಣಿ ಹೊಸ್ತಿಲಾ ಮುಂದ ನಿಂತ್ಲು.

"ದಾಟಿ ಹೋಗವಾ, ಏನ ಆಗೂದಿಲ್ಲ," ಅಂದ ಗೌರೀಶ.

ರಾಣಿ ಅಲುಗಲಿಲ್ಲ.

"ಹಳ್ಳಿ ಮಂದಿ ಹಳ್ಳಿ ಬುದ್ಧಿ! ಇದೆಲ್ಲಾ ಬರೇ ಜೋಳ, ಬರೇ ಕಾಯಿ. ಇಷ್ಟಕ್ಕ ಅಂಜತೀರಿ? ನೋಡ್ರಿಲ್ಲಿ," ಅಂದಾಂವನ, ಬೂಟ ಹಾಕ್ಕೊಂಡ ಕಾಲ ಎತ್ತಿ ಗುರವ್ವನ ಉಡಿ ದಾಟಿ ಒಳಗ ಹೋದ. ಬೂಟಿನ ಹಿಮ್ಮಡ ತಾಗಿ ಕಾಯಿ ಉಳ್ಳಾಡಿ ಪಡಸಾಲಿ ನಡುವ ಬಂದು ನಿಂತಿತು.

ತಾನ ತರಿಸಿ, ತಾನ ತುಂಬ್ರಿ ಅಂತ ಹೇಳಿ, ದೇವರ ಮುಂದ ಹೂಂ ಅಂದಂಗ ಆತು ಅಂತ ಅಂದ ಮನಷ್ಯಾ, ಅದನ್ನ ಬೂಟಿಲೆ ಒದ್ದು ಬರೇ ಜೋಳ ಅಂದ. ಎಲ್ಲಾರೂ ಕಣ್ಣಾರೆ ನೋಡಿದ್ರು. ಮೊದ್ಲ ಎದ್ದಾಕಿ ಮಾಯವ್ವ. ಉಳ್ಳಾಡಿದ ಕಾಯಿ ಎತ್ತಿ ಸೆರಗಿಲೆ ಒರಸಿ ಗುರವ್ವನ ಮುಂದ ಇಟ್ಲು. ಆಮ್ಯಾಲ ಗೌರೀಶನ ಕಡೆ ತಿರುಗಿ ನೆಲಕ್ಕ ಉಗುಳಿದ್ಲು. "ನನ್ನ ಮೊಮ್ಮಗಳ ಹೊಟ್ಟೀನೂ ನಿನಗ ಬರೇ ಹೊಟ್ಟೀನ ಏನಪಾ?" ಅಂದ್ಲು. ರಾಣಿ ತನ್ನ ಗಂಟ ಎದಿಗೆ ಅವಚ್ಕೊಂಡು ಹೊರಗ ನಡದ್ಲು. ಅಕಿ ಹಿಂದ ಇನ್ನೊಬ್ಬಾಕಿ, ಅಕಿ ಹಿಂದ ಮತ್ತೊಬ್ಬಾಕಿ. ಸುನೀಲ ಹೆಸರ ಕರಕೋತನ ನಿಂತಿದ್ದ, ಪಡಸಾಲಿ ಖಾಲಿ ಆತು.

ಆಮ್ಯಾಲ ತನಿಖಿ ತಂಡ ಬಂತು, ಖರೇ. ಆ ಒಳಗಿನ ಖೋಲಿಗೆ ಬೀಗ ಹಾಕಿತು. ಗುರವ್ವ ತಾನೂ ಹೂಂ ಅಂದದ್ದು ಎಲ್ಲಾ ಬಿಚ್ಚಿ ಹೇಳಿದ್ಲು. ಗೌರೀಶ ಬ್ಯಾರೆ ಊರಾಗ ಮತ್ತೊಂದು ಕಟ್ಟಡ ನೋಡಾಕ ಹತ್ಯಾನಂತ, ಅಲ್ಲೂ ಒಂದು ಸಮಿತಿ ಇರತದ, ಅದನ್ನೂ ಅಂವನ ನೇಮಸ್ತಾನ. ನಿಜಗುಣಪ್ಪ ಸರ್ ಇನ್ನೂ ಸಭಾದಾಗ ನೀತಿ ಹೇಳ್ತಾರ, ಮಂದಿ ಇನ್ನೂ ಎದ್ದ ನಿಲ್ಲತಾರ. ನೆನಸಿದ್ರ ಹೇಸಿಗಿ ಬರತದ, ಅದನ್ನ ಬಿಡ್ರಿ. ಅಂದಿನ ಬಸ್‌ಸ್ಟ್ಯಾಂಡಿನ ಮಾತೊಂದು ಹೇಳೂದು ಉಳದೈತಿ.

ದವಾಖಾನಿಯಿಂದ ಹೊರಬಿದ್ದ ಮ್ಯಾಲ ಗುರವ್ವ ಮಂಜುಳಾನ, ಮಾಯವ್ವನ ರಾಮದುರ್ಗದ ಬಸ್ಸಿಗೆ ಬಿಡಾಕ ಹೋದ್ಲು. ಬಿಸಲ ಏರಿತ್ತು. ಮಂಜುಳಾ ಅಕಿ ಕಾಲಿಗೆ ಬಿದ್ದು, ಎದ್ದು, ಬಸ್ಸ ಹತ್ತಿ ಕಿಡಕಿ ಬಾಜೂಕ ಕುಂತ್ಲು. ಮುಖದಾಗ ಎಷ್ಟೋ ದಿನದ ಮ್ಯಾಲ ಜೀವ ಬಂದಿತ್ತು. ಗುರವ್ವಗ ಅದನ್ನ ನೋಡಿ ಹೊಟ್ಟಿ ತಣ್ಣಗಾತು. "ಮೂರ್ನೇ ತಿಂಗಳದಾಗ ಐಶ್ವರ್ಯಾನ ಕಡೆ ಹೋಗೂದು ಮರೀಬ್ಯಾಡ," ಅಂತ ಕಿಡಕಿ ಕೆಳಗಿಂದ ಕೂಗಿದ್ಲು. "ಕುಬಸಕ್ಕ ಹೇಳಿ ಕಳಸು, ಬುಟ್ಟಿ ತುಂಬ ಹಸರ ಬಳಿ ತರತೇನಿ."

ಮಂಜುಳಾ ಗೋಣ ಹಾಕಾಕ ಹೋಗಿ, ಅಜ್ಜಿ ಮುಖ ನೋಡಿ ನಿಲ್ಲಿಸಿದ್ಲು. ಮಾಯವ್ವ ಇನ್ನೂ ಕೆಳಗ ನಿಂತಿದ್ಲು. ಗುರವ್ವನ ಕೈ ಹಿಡಿಯಾಕ ಹೋಗಿ, ಹಿಡೀಲಿಲ್ಲ.

"ನೀ ಮಾಡಿದ್ದು ಛಲೋನ ಮಾಡಿದಿ ಗುರವ್ವ," ಅಂದ್ಲು. "ನನ್ನ ಹುಡುಗಿ ಉಳದ್ಲು. ನಿನ್ನ ಹೆಸರ ಹೇಳಿ ದಿನಾ ದೀಪ ಹಚ್ಚತೇನಿ." ಸೆರಗಿಲೆ ಕಣ್ಣ ಒರಸ್ಕೊಂಡ್ಲು. "ಆದ್ರ ಇನ್ನ ಮ್ಯಾಲ ನಮ್ಮ ಮನಿಗೆ ಮಾತ್ರ ಬರಬ್ಯಾಡವ್ವಾ. ಆ ಹುಡುಗಿ ಬಸರಾದಾಗಂತೂ ಬರಲೇ ಬ್ಯಾಡ."

ಕಂಡಕ್ಟರ್ ಸೀಟಿ ಊದಿದ. ಗುರವ್ವ "ಆತ ಮಾಯವ್ವ, ಬರೂದಿಲ್ಲ" ಅಂದ್ಲು. ಮಾಯವ್ವಗ ಮೆಟ್ಟಲಾ ಎತ್ತರ ಆತು ಅಂತ ಹಿಂದಿಂದ ಕೈ ಹಚ್ಚಿ ಬಸ್ಸ ಹತ್ತಸಾಕ ಹೋದ್ಲು, ಅರ್ಧಕ್ಕ ನೆನಪಾಗಿ ಆ ಕೈ ಹಿಂದಕ್ಕ ಎಳಕೊಂಡ್ಲು.